ಗೇಟಿನ ತನಕ ಹೋಗಿ ವಾಪಸ್ ಬಂದವರಿಗೆ

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರ ಬರೆಯುವಾಗ, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಮೀಟಿಂಗ್‌ಗಳಿವೆ, ಒಮ್ಮೆ ಹೋಗಿ ನೋಡಿ ಎಂದು ಒಂದೇ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಎಂದು ಅಂದುಕೊಂಡಿರಲಿಲ್ಲ. ಎಲ್ಲಿ ನಡೆಯುತ್ತದೆ, ಹೇಗೆ ಹುಡುಕುವುದು, ಒಳಗೆ ಹೋದರೆ ಏನು ಮಾಡುತ್ತಾರೆ, ಯಾರಾದರೂ ನೋಡಿಬಿಟ್ಟರೆ? ಹೆಚ್ಚುಕಡಿಮೆ ಎಲ್ಲರದ್ದೂ ಇದೇ ಪ್ರಶ್ನೆ. ಅದಕ್ಕೇ ಈ ಸಲದ ಪುಟ ಪೂರ್ತಿ ಇದಕ್ಕೇ ಮೀಸಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನೂ ಕುಡಿಯುತ್ತಿದ್ದವನು. ಬಿಟ್ಟು 14 ವರ್ಷ ಆಯಿತು. ಡಾಕ್ಟರ್ ಅಲ್ಲ. ಆ ಕುರ್ಚಿಗಳಲ್ಲಿ ಕೂತು ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು, ಇಷ್ಟೇ ನನ್ನ ಬಂಡವಾಳ. ಅಂಕಣದಲ್ಲಿ ಈ ಸಲ ನನ್ನ ಹೆಸರು ಇಲ್ಲ. ಕಾರಣ ಮೂರನೇ ಉತ್ತರದಲ್ಲಿದೆ.

ಪ್ರಶ್ನೆ: ಬೆಳಿಗ್ಗೆ ಎದ್ದ ಕೂಡಲೇ ನನಗೆ ಕೈ ನಡುಗುತ್ತದೆ. ಒಂದು ಪೆಗ್ ಒಳಗೆ ಹೋದ ಮೇಲೆ ನಿಲ್ಲುತ್ತದೆ. ಆರು ವರ್ಷದಿಂದ ಹೀಗೇ. ಬರುವ ಸೋಮವಾರದಿಂದ ಒಂದು ಹನಿಯೂ ಮುಟ್ಟುವುದಿಲ್ಲ, ಅವತ್ತೇ ಸಂಜೆ ಮೀಟಿಂಗ್‌ಗೆ ಹೋಗುತ್ತೇನೆ ಎಂದು ತೀರ್ಮಾನ ಮಾಡಿದ್ದೇನೆ. ಸರಿ ತಾನೆ?

ಉತ್ತರ: ತೀರ್ಮಾನ ಸರಿ. ಸೋಮವಾರದ ಪ್ಲಾನ್ ಮಾತ್ರ ದಯವಿಟ್ಟು ಬದಲಾಯಿಸಿ. ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೊದಲು ಹಾಕಿದ್ದೇ ಇದಕ್ಕೆ.

ವರ್ಷಗಟ್ಟಲೆ ದಿನಾ ಕುಡಿದಾಗ ಮದ್ಯ ಮೆದುಳಿಗೆ ಸದಾ ಬ್ರೇಕ್ ಹಾಕುತ್ತಿರುತ್ತದೆ. ಮೆದುಳು ಸುಮ್ಮನಿರುವುದಿಲ್ಲ, ಅದಕ್ಕೆ ಸರಿಸಮನಾಗಿ ತನ್ನ ವೇಗ ಜಾಸ್ತಿ ಮಾಡಿಕೊಂಡಿರುತ್ತದೆ. ಒಮ್ಮೆಲೇ ಬ್ರೇಕ್ ತೆಗೆದರೆ ಉಳಿಯುವುದು ಬರೀ ವೇಗ. ಬೆಳಗಿನ ಆ ಕೈ ನಡುಕ ಅದರದ್ದೇ ಸುಳಿವು. ಕೊನೆಯ ಗುಟುಕು ಕುಡಿದು ಆರೆಂಟು ಗಂಟೆ ಆಗುವಷ್ಟರಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗಬಹುದು. 6ರಿಂದ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇನ್ನು ಕೆಲವರಿಗೆ ದಿಕ್ಕೇ ತಪ್ಪುತ್ತದೆ. ಇಲ್ಲದ್ದು ಕಾಣಿಸುತ್ತದೆ, ಜ್ವರ ಏರುತ್ತದೆ, ಎದೆ ಡವಗುಟ್ಟುತ್ತದೆ, ತಾನು ಎಲ್ಲಿದ್ದೇನೆ ಅನ್ನುವುದೂ ಗೊತ್ತಾಗುವುದಿಲ್ಲ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಕುಡಿಯುವುದರಿಂದ ಅಪಾಯ ಎಂದು ಎಲ್ಲರಿಗೂ ಗೊತ್ತು, ಹೀಗೆ ಒಮ್ಮೆಲೇ ನಿಲ್ಲಿಸುವುದರಿಂದಲೂ ಅಪಾಯ ಇದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಆದ್ದರಿಂದ ಸೋಮವಾರ ಮೊದಲು ಡಾಕ್ಟರ ಹತ್ತಿರ ಹೋಗಿ. ಎಷ್ಟು ಕುಡಿಯುತ್ತೀರಿ ಎಂದು ಕೇಳಿದಾಗ ನಾಚಿಕೆಗೆ ಅರ್ಧ ಮಾಡಿ ಹೇಳಬೇಡಿ, ಕೊಡುವ ಔಷಧಿಯ ಲೆಕ್ಕ ಅದರ ಮೇಲೇ ನಿಂತಿದೆ. ಹಿಂದೆ ಯಾವಾಗಲಾದರೂ ಬಿಡಲು ಹೋಗಿ ಫಿಟ್ಸ್ ಬಂದಿದ್ದರೆ ಅದನ್ನು ಮೊದಲು ಹೇಳಿ. ಕೆಲವರಿಗೆ ಮನೆಯಲ್ಲೇ ಮಾತ್ರೆ ಸಾಕಾಗುತ್ತದೆ, ಕೆಲವರು ಒಂದಷ್ಟು ದಿನ ಅಡ್ಮಿಟ್ ಆಗಬೇಕಾಗುತ್ತದೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ವಿಟಮಿನ್ ತಾನೆ ಎಂದು ಬಿಡಬೇಡಿ, ಕುಡಿದು ಸೊರಗಿದ ಮೆದುಳನ್ನು ಕಾಯುವುದು ಅದು. ಡಾಕ್ಟರನ್ನು ನೋಡುವ ತನಕ ನಿಮ್ಮಷ್ಟಕ್ಕೆ ನೀವು ಪೂರ್ತಿ ನಿಲ್ಲಿಸಲು ಹೋಗಬೇಡಿ. ನಿಲ್ಲಿಸಿದ ಮೇಲೆ ಫಿಟ್ಸ್, ಗೊಂದಲ, ಇಲ್ಲದ್ದು ಕಾಣಿಸುವುದು, ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಮನೆಯವರಿಗೂ ಇದನ್ನು ಓದಿಸಿ.

ಹಾಗಂತ ಮೀಟಿಂಗ್ ಮುಂದೂಡಬೇಕಿಲ್ಲ. ಇನ್ನೂ ಕುಡಿಯುತ್ತಿರುವವರೂ ಹೋಗಬಹುದು. ಗಲಾಟೆ ಮಾಡದೆ ಕೂತು ಕೇಳಿದರೆ ಸಾಕು. ಗಾಡಿ ಮಾತ್ರ ನೀವು ಓಡಿಸಬೇಡಿ. ಡಾಕ್ಟರಾ ಮೀಟಿಂಗಾ ಎಂದು ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಈ ಮೀಟಿಂಗ್‌ಗಳಿಗೆ ನಾಂದಿ ಹಾಡಿದ ಬಿಲ್ ವಿಲ್ಸನ್ ಕೂಡ 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಸೇರಿಯೇ ಕುಡಿತ ನಿಲ್ಲಿಸಿದ್ದು.

ಪ್ರಶ್ನೆ: ಎಎ ಮೀಟಿಂಗ್‌ಗಳ ಪಟ್ಟಿ ಸಿಕ್ಕಿತು. ಓಪನ್, ಕ್ಲೋಸ್ಡ್, ಸ್ಟೆಪ್, ಸ್ಪೀಕರ್ ಎಂದೆಲ್ಲ ಬರೆದಿದೆ, ತಲೆಬುಡ ಗೊತ್ತಾಗಲಿಲ್ಲ. ಎರಡು ಸಲ ಗೇಟಿನ ತನಕ ಹೋಗಿ ವಾಪಸ್ ಬಂದೆ. ಎರಡನೇ ಸಲ ಒಳಗಿನಿಂದ ಜೋರಾಗಿ ನಗುವ ಸದ್ದು ಕೇಳಿಸಿತು. ತಪ್ಪು ಜಾಗಕ್ಕೆ ಬಂದೆನೇನೋ ಅನ್ನಿಸಿತು.

ಉತ್ತರ: ಸರಿಯಾದ ಜಾಗಕ್ಕೇ ಹೋಗಿದ್ದೀರಿ. ಆ ನಗು ಕೇಳಿ ನನಗೂ ಮೊದಲ ದಿನ ಸಿಟ್ಟು ಬಂದಿತ್ತು. ನಾನು ಇಲ್ಲಿ ಸಾಯುತ್ತಿದ್ದೇನೆ, ಇವರಿಗೆ ನಗು! ಆಮೇಲೆ ಗೊತ್ತಾಯಿತು, ನಗುತ್ತಿದ್ದವರೆಲ್ಲ ಒಂದು ಕಾಲಕ್ಕೆ ಅದೇ ಕುರ್ಚಿಗಳಲ್ಲಿ ಕೂತು ಅತ್ತವರು. ಬಾಟಲಿ ಎಲ್ಲೆಲ್ಲಿ ಬಚ್ಚಿಡುತ್ತಿದ್ದೆ ಎಂದು ಒಬ್ಬರು ಹೇಳಿದರೆ ಉಳಿದವರಿಗೆ ನಗು ಬರುವುದು ಅವರೂ ಅಲ್ಲೇ ಬಚ್ಚಿಟ್ಟಿದ್ದರಿಂದ.

ಮೊದಲು ಆ ಪದಗಳ ವಿಷಯ. ಓಪನ್ ಅಂದರೆ ಯಾರು ಬೇಕಾದರೂ ಬರಬಹುದು, ಮನೆಯವರು, ಸ್ನೇಹಿತರು, ಸುಮ್ನೆ ತಿಳಿಯಬೇಕು ಅನ್ನುವವರೂ. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವ ಆಸೆ ಇರುವವರಿಗೆ ಮಾತ್ರ. ನಿಮಗೆ ಆ ಆಸೆ ಇದೆ, ಹಾಗಾಗಿ ಎರಡೂ ಬಾಗಿಲು ನಿಮಗೆ ತೆರೆದಿವೆ. ಕ್ಲೋಸ್ಡ್ ಎಂಬ ಪದ ನೋಡಿ ಸದಸ್ಯರಾಗಿರಬೇಕೇನೋ ಎಂದುಕೊಂಡು ತಿರುಗಿ ಹೋದವರನ್ನು ನಾನು ಕಂಡಿದ್ದೇನೆ. ಸದಸ್ಯರಾಗಲು ಬೇರೆ ಅರ್ಜಿ ಗಿರ್ಜಿ ಏನೂ ಇಲ್ಲ, ಆ ಆಸೆಯೊಂದೇ ಅರ್ಹತೆ. ಸ್ಪೀಕರ್ ಮೀಟಿಂಗ್‌ನಲ್ಲಿ ಒಬ್ಬಿಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಸ್ಟೆಪ್ ಮೀಟಿಂಗ್‌ನಲ್ಲಿ, ಕುಡಿತದಿಂದ ಹೊರಬರಲು ಎಎ ಹಾಕಿಕೊಂಡಿರುವ 12 ಹೆಜ್ಜೆಗಳಲ್ಲಿ ಒಂದನ್ನು ಹಿಡಿದುಕೊಂಡು ಮಾತಾಡುತ್ತಾರೆ. ಬಿಗಿನರ್ಸ್ ಎಂದು ಇದ್ದರೆ ಅದು ಹೊಸಬರಿಗೆ. ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಬಿಗಿನರ್ಸ್ ಅಥವಾ ಸ್ಪೀಕರ್ ಒಳ್ಳೆಯದು, ಮಾತಾಡುವ ಭಯ ಇರುವುದಿಲ್ಲ. ಆದರೆ ಅವು ನಿಮ್ಮ ಹತ್ತಿರದಲ್ಲಿ ಇಲ್ಲದಿದ್ದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಇವತ್ತು ಸಂಜೆ ಯಾವುದು ಇದೆಯೋ ಅದಕ್ಕೇ ಹೋಗಿ.

ಈಗ ಹುಡುಕುವ ವಿಷಯ. ಪಟ್ಟಿಗಳು ಹಳೆಯದಾಗಿರುತ್ತವೆ, ಇದನ್ನು ನೆನಪಿಡಿ. ಕೋಣೆ ಬದಲಾಗಿರುತ್ತದೆ, ಸಮಯ ಬದಲಾಗಿರುತ್ತದೆ, ಗುಂಪೇ ನಿಂತುಹೋಗಿರುತ್ತದೆ. ಧೈರ್ಯ ಮಾಡಿ ಹೋದವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಮತ್ತೆ ಆ ಧೈರ್ಯ ಬರುವುದು ಯಾವಾಗಲೋ. ಅದಕ್ಕೇ ಹೊರಡುವ ಮುಂಚೆ ಪಟ್ಟಿಯಲ್ಲಿರುವ ನಂಬರಿಗೆ ಒಂದು ಫೋನ್ ಮಾಡಿ. ಎತ್ತುವವರು ಸಾಮಾನ್ಯವಾಗಿ ಕುಡಿತ ಬಿಟ್ಟ ಸದಸ್ಯರೇ. "ನಾನು ಹೊಸಬ, ಇವತ್ತು ಮೀಟಿಂಗ್ ಇದೆಯಾ, ಯಾರಾದರೂ ಬಾಗಿಲ ಹತ್ತಿರ ಸಿಗುತ್ತಾರಾ?" ಇಷ್ಟು ಕೇಳಿ. ಎಷ್ಟೋ ಕಡೆ ಒಬ್ಬರು ಹೊರಗೆ ಬಂದು ಕಾಯುತ್ತಾರೆ. ಎಎಯವರದ್ದೇ ಮೀಟಿಂಗ್ ಗೈಡ್ ಎಂಬ ಉಚಿತ ಆ್ಯಪ್ ಇದೆ, ಆದರೆ ಎಲ್ಲ ಕಡೆಯ ಮೀಟಿಂಗ್‌ಗಳೂ ಅದರಲ್ಲಿ ಸಿಗುವುದಿಲ್ಲ. ಆಗ ಆಯಾ ದೇಶದ ಎಎ ಕಚೇರಿಯ ವೆಬ್‌ಸೈಟ್ ನೋಡಬೇಕು. ಅದೂ ಆಗಲಿಲ್ಲವೇ, ಹತ್ತಿರದ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ. ಅಲ್ಲಿನ ನರ್ಸ್‌ಗಳಿಗೆ ಯಾವ ಗುಂಪು ಎಲ್ಲಿ ಸೇರುತ್ತದೆ ಎಂದು ಎಷ್ಟೋ ಸಲ ಗೊತ್ತಿರುತ್ತದೆ.

ಫೋನ್ ಮಾಡಿ ಎಂದು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಎಎ ಹುಟ್ಟಿದ್ದೇ ಒಂದು ಫೋನಿನಿಂದ. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರದ ಮೇಲೆ ಅಮೆರಿಕದ ಅಕ್ರಾನ್ ಎಂಬ ಊರಿಗೆ ಹೋಗಿದ್ದ, ಅದು ಕೈಕೊಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಬ್ಬನೇ. ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್. ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ತಾನು ಮತ್ತೆ ಕುಡಿಯುತ್ತೇನೆ ಎಂದು ಅವನಿಗೆ ಅನ್ನಿಸಿತು. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಲು ಶುರುಮಾಡಿದ. ಒಬ್ಬರಿಂದ ಒಬ್ಬರಿಗೆ ಹೋಗಿ ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಸರ್ಜನ್. 15 ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಹೇಳಿ ಬಂದ ಸ್ಮಿತ್ ಆರು ಗಂಟೆಗೂ ಹೆಚ್ಚು ಹೊತ್ತು ಕೂತರು. ಅವರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಎಎ ತನ್ನ ಹುಟ್ಟಿದ ದಿನ ಎಂದು ಲೆಕ್ಕ ಹಾಕುತ್ತದೆ.

ಇನ್ನು ಗೇಟು. ಹತ್ತು ನಿಮಿಷ ಮುಂಚೆ ಹೋಗಿ, ತಡವಾಗಿ ಬೇಡ. ತಡವಾದರೆ ಎಲ್ಲರೂ ಕೂತಿರುತ್ತಾರೆ, ಬಾಗಿಲು ತೆರೆದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂಬ ಭಯಕ್ಕೇ ವಾಪಸ್ ಬರುತ್ತೀರಿ. ಮುಂಚೆ ಹೋದರೆ ಒಬ್ಬರೋ ಇಬ್ಬರೋ ಕುರ್ಚಿ ಹಾಕುತ್ತಿರುತ್ತಾರೆ. ಅವರಲ್ಲಿ ಒಬ್ಬರಿಗೆ "ನಾನು ಹೊಸಬ" ಎಂದು ಹೇಳಿ. ಆ ಒಂದು ಮಾತು ಆಡಿದರೆ ಉಳಿದದ್ದು ಅವರು ನೋಡಿಕೊಳ್ಳುತ್ತಾರೆ. ನನಗೆ ಆ ಮಾತೂ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದೆ. ಒಬ್ಬ ಹಿರಿಯರು ಏನೂ ಕೇಳದೆ ಕಾಫಿ ತಂದು ಕೈಗಿಟ್ಟರು. ಲೋಟದಲ್ಲಿ ಕಾಫಿ ಅರ್ಧ ಮಾತ್ರ ಇತ್ತು. ಇಷ್ಟೇನಾ ಅನ್ನಿಸಿತು. ಲೋಟ ಬಾಯಿಗೆ ಹೋಗುವಾಗ ಗೊತ್ತಾಯಿತು, ತುಂಬ ಹಾಕಿದ್ದರೆ ನನ್ನ ನಡುಗುವ ಕೈಯಲ್ಲಿ ಅದು ಅಂಗಿಯ ಮೇಲೆಲ್ಲ ಚೆಲ್ಲುತ್ತಿತ್ತು. ಅವರು ನನ್ನ ಮುಖ ನೋಡುವ ಮುಂಚೆ ನನ್ನ ಕೈ ನೋಡಿದ್ದರು.

ಒಳಗೆ ಒಂದು ಗಂಟೆ, ಒಂದೂವರೆ ಗಂಟೆ. ಹಾಜರಿ ಪುಸ್ತಕ ಇಲ್ಲ. ಫೀಸ್ ಇಲ್ಲ. ಖರ್ಚಿಗೆಂದು ಒಂದು ಬುಟ್ಟಿ ಕೈಯಿಂದ ಕೈಗೆ ಬರುತ್ತದೆ, ಹೊಸಬರು ಏನೂ ಹಾಕಬೇಕಿಲ್ಲ, ಸುಮ್ನೆ ಮುಂದಕ್ಕೆ ದಾಟಿಸಿ. ಮಾತಾಡುವ ಸರದಿ ಬಂದರೆ "ಇವತ್ತು ಬರೀ ಕೇಳುತ್ತೇನೆ" ಅಂದರೆ ಯಾರೂ ಬಲವಂತ ಮಾಡುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮನೆಯಲ್ಲಿ ಆಫೀಸಿನಲ್ಲಿ ವರ್ಷಗಟ್ಟಲೆ ಬುದ್ಧಿಮಾತು ಕೇಳಿ ಕಿವಿ ಕಿವುಡಾಗಿರುವವನಿಗೆ ಇದೇ ಒಂದು ದೊಡ್ಡ ಬಿಡುಗಡೆ.

ಮತ್ತೆ, ಮೊದಲ ಗುಂಪು ಹಿಡಿಸದೇ ಇರಬಹುದು. ಒಂದು ಕಡೆ ಬರೀ ವಯಸ್ಸಾದವರು, ಇನ್ನೊಂದು ಕಡೆ ಇಬ್ಬರೇ ಮಾತಾಡುತ್ತಾರೆ, ಮತ್ತೊಂದು ಕಡೆ ಎಲ್ಲಾ ಪಾಠ ಒಪ್ಪಿಸಿದ ಹಾಗೆ. ಪ್ರತಿ ಗುಂಪಿನ ಸ್ವಭಾವ ಬೇರೆ. ಐದಾರು ಬೇರೆ ಬೇರೆ ಮೀಟಿಂಗ್ ನೋಡುವ ತನಕ ಇದು ನನಗಲ್ಲ ಎಂದು ತೀರ್ಮಾನಿಸಬೇಡಿ. ಯಾವುದೋ ಒಂದು ಕಡೆ ಯಾರೋ ಒಬ್ಬರು ನಿಮ್ಮ ಕಥೆಯನ್ನೇ ಹೇಳುತ್ತಿರುತ್ತಾರೆ.

ಪ್ರಶ್ನೆ: ನಾನು ಹೆಣ್ಣು, ವಯಸ್ಸು 41. ಕುಡಿಯುವುದು ರಾತ್ರಿ ಮಕ್ಕಳು ಮಲಗಿದ ಮೇಲೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೀಟಿಂಗ್ ತುಂಬ ಗಂಡಸರೇ ಇರುತ್ತಾರಲ್ವಾ? ಪರಿಚಯದವರು ನೋಡಿದರೆ ನನ್ನ ಗತಿ ಏನು?

ಉತ್ತರ: ಮೊದಲು ಭಯದ ವಿಷಯ. ಪರಿಚಯದವರು ಅಲ್ಲಿ ಸಿಕ್ಕರೆ, ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಆ ಕೋಣೆ ನಿಂತಿರುವುದೇ ಇದರ ಮೇಲೆ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಅನಾನಿಮಸ್ ಅಂದರೆ ಹೆಸರು ಹೇಳದವರು. ಪೂರ್ತಿ ಹೆಸರು ಯಾರೂ ಕೇಳುವುದಿಲ್ಲ, ಇಲ್ಲಿ ಕಂಡದ್ದು ಕೇಳಿದ್ದು ಇಲ್ಲೇ ಬಿಟ್ಟು ಹೋಗಿ ಎಂದು ಪ್ರತಿ ಸಲ ಹೇಳುತ್ತಾರೆ. ಪತ್ರಿಕೆ, ರೇಡಿಯೊ, ಸಿನಿಮಾದಲ್ಲಿ ಸದಸ್ಯರು ಹೆಸರು ಬಯಲು ಮಾಡಬಾರದು ಅನ್ನುವುದು ಅವರ ಸಂಪ್ರದಾಯ. ಈ ಪುಟದಲ್ಲಿ ನನ್ನ ಹೆಸರು ಇಲ್ಲದಿರುವುದು ಅದಕ್ಕೇ.

ಆದರೆ ನೇರವಾಗಿ ಹೇಳುತ್ತೇನೆ. ಇದು ಕಾನೂನಲ್ಲ, ಒಬ್ಬರಿಗೊಬ್ಬರು ಕೊಟ್ಟ ಮಾತು. ಜನ ಮಾತು ಉಳಿಸಿಕೊಳ್ಳುವುದನ್ನೇ ನಾನು ಜಾಸ್ತಿ ಕಂಡಿದ್ದೇನೆ. ಆದರೂ ಮೊದಲ ದಿನವೇ ಎಲ್ಲವನ್ನೂ ಬಿಚ್ಚಿಡಬೇಡಿ. ಕೆಲಸದ ಜಾಗ, ಮನೆ ವಿಳಾಸ, ಕೋರ್ಟು ಕಚೇರಿಗೆ ಹೋಗಬಹುದಾದ ವಿಷಯ, ಇವನ್ನು ಗುಂಪಿನ ಮುಂದೆ ಹೇಳಬೇಕಿಲ್ಲ.

ಗಂಡಸರು ಜಾಸ್ತಿ ಇರುವ ಮೀಟಿಂಗ್‌ಗಳು ಎಷ್ಟೋ ಇವೆ, ಅದು ನಿಜ. ಹೆಂಗಸರಿಗೆಂದೇ ಇರುವ ಮೀಟಿಂಗ್‌ಗಳೂ ಇವೆ. ಫೋನ್ ಮಾಡಿದಾಗ ಅದನ್ನೇ ಕೇಳಿ, ಅಥವಾ ಹೆಣ್ಣು ಸದಸ್ಯರೊಬ್ಬರ ಜೊತೆ ಮಾತಾಡಿಸಿ ಎಂದು ಕೇಳಿ, ಅದು ತೀರಾ ಮಾಮೂಲಿ ಬೇಡಿಕೆ. ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಸಮಾಜಶಾಸ್ತ್ರಜ್ಞೆ 1970ರ ದಶಕದಲ್ಲಿ ಹೆಣ್ಣುಮಕ್ಕಳಿಗಾಗಿಯೇ ವಿಮೆನ್ ಫಾರ್ ಸೊಬ್ರೈಟಿ ಎಂಬ ಬೇರೆ ಸಂಘಟನೆ ಕಟ್ಟಿದರು, ಅವರದ್ದು ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಮಕ್ಕಳು ಮಲಗಿದ ಮೇಲೆ ನಿಮಗೆ ಸಿಗುವ ಆ ಹೊತ್ತಿನಲ್ಲೇ, ಲೋಕದ ಯಾವುದೋ ಮೂಲೆಯಲ್ಲಿ ಒಂದು ಮೀಟಿಂಗ್ ನಡೆಯುತ್ತಿರುತ್ತದೆ. ಶುರು ಅಲ್ಲಿಂದ ಮಾಡಿ. ಒಂದು ಎಚ್ಚರಿಕೆ: ಜೂಮ್‌ನಲ್ಲಿ ಸೇರುವ ಮುಂಚೆ ನಿಮ್ಮ ಹೆಸರು ಹೇಗೆ ಕಾಣಿಸುತ್ತದೆ ನೋಡಿಕೊಳ್ಳಿ. ಆಫೀಸಿನ ಖಾತೆಯಲ್ಲಿ ಪೂರ್ತಿ ಹೆಸರು ಇರುತ್ತದೆ, ಅದನ್ನು ಬದಲಾಯಿಸಿ ಮೊದಲ ಅಕ್ಷರ ಮಾತ್ರ ಹಾಕಿ. ಕ್ಯಾಮೆರಾ ಆಫ್ ಇಟ್ಟರೂ ನಡೆಯುತ್ತದೆ, ಕೆಲವು ಗುಂಪುಗಳು ಮಾತ್ರ ಒಮ್ಮೆ ಮುಖ ತೋರಿಸಿ ಅನ್ನುತ್ತವೆ.

ಇನ್ನೊಂದು. ಹೊಸಬರಿಗೆ ದಾರಿ ತೋರಿಸುವ ಹಳೆಯ ಸದಸ್ಯರಿಗೆ ಸ್ಪಾನ್ಸರ್ ಅನ್ನುತ್ತಾರೆ. ಹೆಂಗಸರಿಗೆ ಹೆಂಗಸರೇ ಸ್ಪಾನ್ಸರ್ ಆಗುವುದು ರೂಢಿ. ಮೊದಲ ವಾರಗಳಲ್ಲಿ ಯಾವನಾದರೂ ಗಂಡಸು ಅತಿಯಾಗಿ ಸಹಾಯಕ್ಕೆ ಬಂದರೆ, ಮನೆಗೆ ಬಿಡುತ್ತೇನೆ, ರಾತ್ರಿ ಫೋನ್ ಮಾಡು ಅಂದರೆ, ಬೇಡ ಅನ್ನಿ. ಎಲ್ಲ ಕಡೆಯೂ ಇರುವಂಥ ಜನ ಅಲ್ಲೂ ಇರುತ್ತಾರೆ. ಗುಂಪಿನ ಹಿರಿಯ ಹೆಂಗಸೊಬ್ಬರಿಗೆ ಹೇಳಿ, ಅವರಿಗೆ ಅಂಥವರ ಪರಿಚಯ ಚೆನ್ನಾಗಿರುತ್ತದೆ.

ಪ್ರಶ್ನೆ: ನನ್ನ ಗಂಡ ಮೀಟಿಂಗ್ ಅಂದರೆ ಕೂಗಾಡುತ್ತಾರೆ. ಅವರ ಬದಲು ನಾನು ಹೋಗಬಹುದಾ? ಸಂಬಂಧಿಕರೊಬ್ಬರು ಒಂದು ಮಾತ್ರೆ ತಂದುಕೊಟ್ಟು, ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸು, ಕುಡಿದರೆ ವಾಂತಿ ಆಗಿ ತಾನೇ ಬಿಡುತ್ತಾರೆ ಅನ್ನುತ್ತಿದ್ದಾರೆ.

ಉತ್ತರ: ಅಮ್ಮಾ, ಆ ಮಾತ್ರೆ ಬೆರೆಸಬೇಡಿ. ಇವತ್ತು ಬೆರೆಸಬೇಕು ಎಂದುಕೊಂಡಿದ್ದರೂ ಬೇಡ. ಇಂಥ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಡೈಸಲ್ಫಿರಾಮ್. ಅದು ದೇಹದಲ್ಲಿರುವಾಗ ಮದ್ಯ ಒಳಗೆ ಹೋದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಕುಡಿದಿರುವವನಿಗೆ ಕೊಡಬಾರದು, ತಿನ್ನುವವನಿಗೆ ಗೊತ್ತಿಲ್ಲದೆ ಯಾವತ್ತೂ ಕೊಡಬಾರದು ಎಂದು ಆ ಔಷಧಿಯ ಜೊತೆಗೇ ಎಚ್ಚರಿಕೆ ಇದೆ. ಡಾಕ್ಟರ ಕಣ್ಣಳತೆಯಲ್ಲಿ, ತಾನೇ ಒಪ್ಪಿ ತೆಗೆದುಕೊಳ್ಳುವವರಿಗೆ ಅದು ಉಪಯೋಗಕ್ಕೆ ಬಂದಿದೆ. ಕದ್ದು ಬೆರೆಸಿದರೆ ಅದು ವಿಷ.

ಅವರ ಬದಲು ನೀವು ಹೋಗಿ ಅವರನ್ನು ಬಿಡಿಸಲು ಆಗುವುದಿಲ್ಲ. ಆದರೆ ನಿಮಗೋಸ್ಕರ ನೀವು ಹೋಗಬಹುದು, ಹೋಗಲೇಬೇಕು ಎಂದು ನನ್ನ ಅನಿಸಿಕೆ. ಅಲ್-ಅನಾನ್ ಎಂದು ಕುಡಿಯುವವರ ಮನೆಯವರಿಗಾಗಿಯೇ ಇರುವ ಮೀಟಿಂಗ್‌ಗಳಿವೆ. 1951ರಲ್ಲಿ ಅದನ್ನು ಕಟ್ಟಲು ಮುಂದೆ ನಿಂತವರು ಬಿಲ್ ವಿಲ್ಸನ್ ಹೆಂಡತಿ ಲೋಯಿಸ್. ಗಂಡಂದಿರು ಒಳಗೆ ಮೀಟಿಂಗ್ ಮಾಡುವಾಗ ಹೊರಗೆ ಕಾಯುತ್ತಿದ್ದ ಹೆಂಡತಿಯರಿಗೆ, ನಮಗೂ ಮಾತಾಡಲು ಒಂದು ಜಾಗ ಬೇಕು ಅನ್ನಿಸಿತ್ತು. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಅವರಿಗೆ ಅಲಟೀನ್ ಇದೆ, 1957ರಿಂದ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಮೂರು ಮಾತುಗಳಿವೆ: ಇದಕ್ಕೆ ಕಾರಣ ನಾನಲ್ಲ, ಇದು ನನ್ನ ಹಿಡಿತದಲ್ಲಿಲ್ಲ, ಇದನ್ನು ವಾಸಿ ಮಾಡುವುದು ನನ್ನಿಂದಾಗದು. ಬಾಟಲಿಗೆ ನೀರು ಬೆರೆಸಿ, ಜೇಬು ತಡಕಿ, ಆಫೀಸಿಗೆ ಹುಷಾರಿಲ್ಲ ಎಂದು ಸುಳ್ಳು ಫೋನ್ ಮಾಡಿ ಸುಸ್ತಾದ ಹೆಂಗಸೊಬ್ಬರು ಈ ಮೂರು ಮಾತು ಮೊದಲ ಸಲ ಬಾಯಿಬಿಟ್ಟು ಹೇಳಿದ್ದನ್ನು ನಾನು ಒಂದು ಓಪನ್ ಮೀಟಿಂಗ್‌ನಲ್ಲಿ ಕೇಳಿದ್ದೇನೆ. ಮೂರನೆಯದಕ್ಕೆ ಬರುವಾಗ ಅವರ ಭುಜ ಇಳಿದು ಬಿತ್ತು, ತಲೆಯ ಮೇಲಿನ ಮೂಟೆ ಇಳಿಸಿದ ಹಾಗೆ.

ಗಂಡನ ಹತ್ತಿರ ಮಾತಾಡುವುದಾದರೆ ಕುಡಿದಿರುವಾಗ ಬೇಡ. ಮರುದಿನ ಬೆಳಿಗ್ಗೆ, ತಲೆ ತಿಳಿಯಾಗಿರುವಾಗ, ನಿನ್ನೆ ಏನಾಯಿತು ಅನ್ನುವುದನ್ನು ಮಾತ್ರ ಎರಡು ಸಾಲಿನಲ್ಲಿ ಹೇಳಿ. "ನೀವು ಯಾವಾಗಲೂ ಹೀಗೇ" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಅವರು ಕುಡಿಯದ ಸಂಜೆಗಳಲ್ಲಿ ಅವರ ಜೊತೆ ಕೂರಿ, ಕುಡಿದ ಸಂಜೆಗಳಲ್ಲಿ ಎದ್ದು ನಿಮ್ಮ ಕೆಲಸಕ್ಕೆ ಹೋಗಿ. ಮನೆಯವರಿಗೆ ಇದನ್ನೆಲ್ಲ ಕಲಿಸುವ ಕ್ರಾಫ್ಟ್ ಎಂಬ ಪದ್ಧತಿಯೇ ಇದೆ, ಆಪ್ತಸಲಹೆಗಾರರು ಸಿಕ್ಕಿದರೆ ಅದರ ಬಗ್ಗೆ ಕೇಳಿ. ಕೂಗಾಟ ಹೊಡೆತಕ್ಕೆ ತಿರುಗಿದರೆ ಮಾತ್ರ ಇದ್ಯಾವುದೂ ಅಲ್ಲ. ಮೊದಲು ನೀವು, ಮಕ್ಕಳು ಸುರಕ್ಷಿತವಾದ ಜಾಗಕ್ಕೆ ಹೋಗಿ.

ಪ್ರಶ್ನೆ: ಎರಡು ಮೀಟಿಂಗ್‌ಗೆ ಹೋದೆ. ಎರಡರಲ್ಲೂ ದೇವರ ಮಾತು. ನಾನು ನಾಸ್ತಿಕ. ಸುಮ್ನೆ ಪ್ರಾರ್ಥನೆ ಮಾಡಿದರೆ ಕುಡಿತ ಬಿಡುತ್ತದಾ?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದೇ, ಎಎಯಷ್ಟೇ ಹಳೆಯದು ಕೂಡ. ಶುರುವಿನ ದಿನಗಳಲ್ಲೇ ಜಿಮ್ ಬರ್ವೆಲ್ ಎಂಬ ನಾಸ್ತಿಕ ಗುಂಪಿನಲ್ಲಿದ್ದ. ಬರೀ ದೇವರು ಎಂದು ಬರೆಯಬೇಡಿ ಎಂದು ಅವನಂಥವರು ಹಟ ಹಿಡಿದಿದ್ದರಿಂದಲೇ, 1939ರಲ್ಲಿ ಅಚ್ಚಾದ ಎಎಯ ಪುಸ್ತಕದಲ್ಲಿ "ನಾವು ಅರ್ಥಮಾಡಿಕೊಂಡಂತೆ ದೇವರು" ಎಂಬ ಮಾತು ಸೇರಿತು. ಕೆಲವರು ಆ ಜಾಗದಲ್ಲಿ ಗುಂಪನ್ನೇ ಇಟ್ಟುಕೊಳ್ಳುತ್ತಾರೆ, ನನಗಿಂತ ದೊಡ್ಡದು ಈ ಕೋಣೆಯಲ್ಲಿರುವ ಇಪ್ಪತ್ತು ಜನ ಎಂದು. ನಾಸ್ತಿಕರದ್ದೇ ಎಎ ಗುಂಪುಗಳೂ ಇವೆ, ಪಟ್ಟಿಯಲ್ಲಿ ಸೆಕ್ಯುಲರ್ ಎಂದು ಬರೆದಿರುತ್ತದೆ.

ಅದೂ ಬೇಡವೇ? 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ನೋಡಿ. ಅಲ್ಲಿ ಹೆಜ್ಜೆಗಳಿಲ್ಲ, ಸ್ಪಾನ್ಸರ್ ಇಲ್ಲ, ಪ್ರಾರ್ಥನೆ ಇಲ್ಲ. ಕುಡಿಯಬೇಕು ಅನ್ನಿಸಿದಾಗ ಆ ಯೋಚನೆಯನ್ನು ಹೇಗೆ ಹಿಡಿದು ಪರೀಕ್ಷಿಸುವುದು ಎಂದು ಮನಶ್ಶಾಸ್ತ್ರದ ದಾರಿಯಲ್ಲಿ ಕಲಿಸುತ್ತಾರೆ. ತರಬೇತಾದವರು ಮೀಟಿಂಗ್ ನಡೆಸುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಬಹುದು. ವಾದ ಮಾಡಿ ಯೋಚಿಸುವ ಮನಸ್ಸಿನವರಿಗೆ ಅದು ಚೆನ್ನಾಗಿ ಹೊಂದುತ್ತದೆ.

ಪ್ರಾರ್ಥನೆ ಮಾಡಿದರೆ ಬಿಡುತ್ತದಾ ಎಂದರೆ, ನನಗೆ ಬಿಡಿಸಿದ್ದು ಪ್ರಾರ್ಥನೆ ಅಲ್ಲ, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿದ ಜನ. ಸಂಶೋಧನೆಯ ಮಾತೂ ಕೇಳಿ. 2020ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿತು. ರೋಗಿಗಳನ್ನು ಸರಿಯಾದ ಕ್ರಮದಲ್ಲಿ ಎಎಗೆ ಜೋಡಿಸುವ ಚಿಕಿತ್ಸೆ, ಕುಡಿಯದೇ ಉಳಿಯುವ ವಿಷಯದಲ್ಲಿ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೇ ಇದೆ ಎಂದು ಕಂಡುಬಂತು. ಎಲ್ಲರಿಗೂ ಹೊಂದುತ್ತದೆ ಎಂದು ಇದರ ಅರ್ಥ ಅಲ್ಲ. ಆದರೆ ದೇವರ ಕಾರಣಕ್ಕೆ ಕೋಣೆಯನ್ನೇ ಬಿಟ್ಟು ಒಬ್ಬರೇ ಆಗಬೇಡಿ. ಗುಂಪು ಬದಲಾಯಿಸಿ, ಗುಂಪಿಲ್ಲದೆ ಇರಬೇಡಿ.

ಪ್ರಶ್ನೆ: ಏಳು ತಿಂಗಳು ಒಂದು ಹನಿ ಮುಟ್ಟಿರಲಿಲ್ಲ. ಆರು ತಿಂಗಳಾದಾಗ ಎಲ್ಲರೂ ಚಪ್ಪಾಳೆ ತಟ್ಟಿ ಪದಕ ಕೊಟ್ಟಿದ್ದರು. ಹೋದ ತಿಂಗಳು ಒಂದು ಪಾರ್ಟಿಯಲ್ಲಿ ಕುಡಿದೆ, ಈಗ ವಾರಕ್ಕೆ ಮೂರು ನಾಲ್ಕು ದಿನ ಆಗಿದೆ. ಆ ಮುಖಗಳನ್ನು ಹೇಗೆ ನೋಡಲಿ?

ಉತ್ತರ: ನಾನೂ ಐದು ತಿಂಗಳು ಬಿಟ್ಟು ಮತ್ತೆ ಕುಡಿದವನು. ಮೂರು ವಾರ ತಲೆಮರೆಸಿಕೊಂಡಿದ್ದೆ. ಅವರೆಲ್ಲ ನನ್ನ ಬಗ್ಗೆ ಏನೇನು ಮಾತಾಡುತ್ತಿದ್ದಾರೋ ಎಂದು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಕೊನೆಗೆ ಒಂದು ದಿನ ಹೋದೆ. ಮೀಟಿಂಗ್ ಶುರುವಾಗಿತ್ತು. ಆ ಅರ್ಧ ಲೋಟದ ಹಿರಿಯರು ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತಮ್ಮ ಚೀಲ ಎತ್ತಿ ಕೆಳಗಿಟ್ಟರು. ಅಷ್ಟೇ. ಏನೂ ಕೇಳಲಿಲ್ಲ. ಆಮೇಲೆ ತಿಳಿಯಿತು, ಆ ಮೂರು ವಾರವೂ ಅವರು ಆ ಚೀಲವನ್ನು ಅಲ್ಲೇ ಇಡುತ್ತಿದ್ದರಂತೆ.

ಆ ಕೋಣೆಯಲ್ಲಿ ಎಷ್ಟು ಜನ ಒಂದೇ ಸಲಕ್ಕೆ ಬಿಟ್ಟವರಿದ್ದಾರೆ, ಕೇಳಿ ನೋಡಿ. ಬೆರಳೆಣಿಕೆ. ನೀವು ಹೋಗಿ "ಇವತ್ತು ನನ್ನ ಮೊದಲ ದಿನ" ಅಂದರೆ ಅವರಿಗೆ ಅದು ಹೊಸ ಮಾತೇನೂ ಅಲ್ಲ. ದಿನಗಳ ಎಣಿಕೆ ಒಂದರಿಂದ ಶುರುವಾಗುತ್ತದೆ, ನಿಜ, ಅದು ನೋಯುತ್ತದೆ. ಆದರೆ ಏಳು ತಿಂಗಳಲ್ಲಿ ಕಲಿತದ್ದು ಎಲ್ಲೂ ಹೋಗಿಲ್ಲ. ಕುಡಿಯದೆ ಮಲಗಲು ಬರುತ್ತದೆ, ಕುಡಿಯದೆ ಸಿಟ್ಟನ್ನು ತಡೆಯಲು ಬರುತ್ತದೆ, ಈ ಸಲ ಅವನ್ನೆಲ್ಲ ಮೊದಲಿಂದ ಕಲಿಯಬೇಕಿಲ್ಲ.

ಪಾರ್ಟಿಯ ದಿನವನ್ನು ಬಿಡಿ, ಅದರ ಹಿಂದಿನ ಎರಡು ಮೂರು ವಾರ ನೆನಪಿಸಿಕೊಳ್ಳಿ. ಮೀಟಿಂಗ್ ಯಾವಾಗ ತಪ್ಪಲು ಶುರುವಾಯಿತು? ಸ್ಪಾನ್ಸರ್‌ಗೆ ಫೋನ್ ಮಾಡುವುದು ಯಾವಾಗ ನಿಂತಿತು? ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರ ಬಗ್ಗೆ ಹುಷಾರಾಗಿರಿ ಎಂದು ಹಳಬರು ಹೇಳುವುದನ್ನು ಕೇಳಿರುತ್ತೀರಿ. ನನ್ನ ಮಟ್ಟಿಗೆ ಒಂಟಿತನವೇ ಮೊದಲು ಬಂದದ್ದು, ಬಾಟಲಿ ಬಂದದ್ದು ಆಮೇಲೆ. ಡಾಕ್ಟರನ್ನೂ ಒಮ್ಮೆ ಕಾಣಿ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳಿವೆ, ನಿಮಗೆ ಯಾವುದು ಹೊಂದುತ್ತದೆ ಎಂದು ಅವರು ನೋಡಿ ಹೇಳುತ್ತಾರೆ. ಔಷಧಿ ತೆಗೆದುಕೊಂಡರೆ ನಿಜವಾಗಿ ಬಿಟ್ಟ ಹಾಗಲ್ಲ ಎಂದು ಗುಂಪಿನಲ್ಲಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಔಷಧಿಯ ಮಾತು ಡಾಕ್ಟರದ್ದು. ವಾರಕ್ಕೆ ಮೂರು ನಾಲ್ಕು ದಿನ ಇದ್ದದ್ದು ಈಗಾಗಲೇ ದಿನಾ ಆಗಿದ್ದರೆ, ಬೆಳಿಗ್ಗೆ ಕೈ ನಡುಗುತ್ತಿದ್ದರೆ, ಮೇಲಿನ ಮೊದಲ ಉತ್ತರ ನಿಮಗೂ ಸೇರಿದ್ದು.

ನಿಮ್ಮ ಗುಂಪು ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಸೇರುತ್ತದೆ ಎಂದು ನಾನು ಹೇಳಬೇಕಿಲ್ಲ, ನಿಮಗೆ ಗೊತ್ತು. ಹೊರಡುವ ಮುಂಚೆ ಸ್ಪಾನ್ಸರ್‌ಗೆ ಒಂದು ಫೋನ್ ಮಾಡಿ, ಬರುತ್ತಿದ್ದೇನೆ ಎಂದು ಮಾತ್ರ ಹೇಳಿ. ಉಳಿದದ್ದು ಅಲ್ಲಿ ಕೂತ ಮೇಲೆ ಹೇಳಿದರಾಯಿತು.